ನಿಮಗಿದು ಗೊತ್ತೆ? ಸದ್ದಿಗೆ ಸದ್ದೇ ಎದುರಾಳಿ
ಒಂದು ಧ್ವನಿತರಂಗದ ಉಬ್ಬಿಗೆ ಇನ್ನೊಂದರ ತಗ್ಗು ಕರಾರುವಾಕ್ಕಾಗಿ ಎದುರಾದರೆ ಎರಡೂ ಅಳಿದು ಸದ್ದಡಗುತ್ತದೆ ಎಂಬ ತತ್ತ್ವವನ್ನು ಆಧರಿಸಿದ ಸಾಧನಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಕಿವಿಗೆ ಅಂಟಿಕೊಂಡಿರುವ ಹೆಡ್‌ಫೋನಿನಲ್ಲಿ ಸುಲಭವಾದ ಈ ತಂತ್ರ ಕೋಣೆಯಲ್ಲಿ ಮಾತ್ರ ತೊಡಕಿನದಾಗಿದೆ; ಏಕೆಂದರೆ ಅಲ್ಲಿ ಸದ್ದು ಗೋಡೆ, ನೆಲ, ಚಾವಣಿಗಳಿಗೆ ಬಡಿದು ನಾನಾ ದಿಕ್ಕುಗಳಿಂದ ಬರುವುದರಿಂದ, ಧ್ವನಿವರ್ಧಕವು ಹೊರಡಿಸುವ ವಿರುದ್ಧ ತರಂಗವು ಒಂದೆಡೆ ಸದ್ದನ್ನು ಅಳಿಸಿದರೆ ಮತ್ತೊಂದೆಡೆ ಅದಕ್ಕೆ ಕೂಡಿಕೊಂಡು ಗದ್ದಲವನ್ನು ಹೆಚ್ಚಿಸಲೂಬಹುದು. ಎಲ್ಲ ದಿಕ್ಕುಗಳಿಂದಲೂ ಸದ್ದು ಬರುವ ಕೋಣೆಯಲ್ಲಿ, ಸದ್ದು ಸುಮಾರು 10 ಡೆಸಿಬೆಲ್‌ಗಳಷ್ಟು ತಗ್ಗುವ 'ನಿಶ್ಶಬ್ದ ವಲಯ'ದ ಅಗಲವು ತರಂಗಾಂತರದ, ಅಂದರೆ ಎರಡು ಉಬ್ಬುಗಳ ನಡುವಿನ ದೂರದ, ಹತ್ತನೆಯ ಒಂದು ಭಾಗದಷ್ಟೇ ಇರುತ್ತದೆ. ಸೆಕೆಂಡಿಗೆ 100 ಬಾರಿ ಕಂಪಿಸುವ ಗುಂಯ್‌ಗುಡುವಿಕೆಗೆ ಈ ವಲಯ ಸುಮಾರು 34 ಸೆಂಟಿಮೀಟರ್ ಇದ್ದು ತಲೆಯೊಂದಕ್ಕೆ ಸಾಕಾಗುತ್ತದೆ. 1,000 ಕಂಪನಗಳ ಸದ್ದಿಗಾದರೋ ಅದು ಮೂರೂವರೆ ಸೆಂಟಿಮೀಟರಿಗೆ ಕುಗ್ಗಿ, ಕೇಳುಗ ತುಸು ಕತ್ತು ಹೊರಳಿಸಿದರೂ ಕೈತಪ್ಪುತ್ತದೆ. ಆದಕಾರಣ 1953ರಲ್ಲಿ ಅಮೆರಿಕದ ಹ್ಯಾರಿ ಓಲ್ಸನ್ ಮತ್ತು ಎವರೆಟ್ ಮೇ ಇಡೀ ಕೋಣೆಯ ಗೊಡವೆಗೆ ಹೋಗದೆ, ಕುಳಿತವರ ತಲೆಯ ಬಳಿಯಷ್ಟೇ ಮೈಕ್ರೊಫೋನ್ ಹಾಗೂ ಧ್ವನಿವರ್ಧಕವನ್ನಿಡುವ ಜಾಣ ಮಾರ್ಗವನ್ನು ಸೂಚಿಸಿದರು. ಪಕ್ಕದ ಮನೆಯ ಮಾತುಕತೆ, ಟಿವಿಗಳ ಸದ್ದನ್ನು ತಡೆಯಲು ಇಂದಿಗೂ ದಪ್ಪ ಗೋಡೆಯೇ ಹೆಚ್ಚು ನಂಬಿಕಸ್ಥ.