ಬಾಗಿಲಿಗೆ ಬಂದವರ ಮೇಲೆ ಕೈ ಎತ್ತುವ ಮುನ್ನ

ಕಳೆದ ಮಳೆಗಾಲದಲ್ಲಿ ಮರಳೂರಿನ ನನ್ನ ಕ್ಲಿನಿಕ್ಕಿಗೆ ಒಬ್ಬ ತಾಯಿ ಬಂದರು. ರಕ್ತದೊತ್ತಡ ವಿಪರೀತ ಏರಿತ್ತು. ವಿಚಾರಿಸಿದಾಗ ವಿಷಯ ತಿಳಿಯಿತು: ನೀರಿನ ಡ್ರಮ್ಮಿನಲ್ಲಿ ಸೊಳ್ಳೆಮರಿ ಇದೆಯೇ ಎಂದು ನೋಡಲು ಬಂದಿದ್ದ ಆರೋಗ್ಯ ಸಿಬ್ಬಂದಿಯನ್ನು ಅವರ ಮಗ ತಳ್ಳಿ, ಕೈಯಲ್ಲಿದ್ದ ಪುಸ್ತಕ ಕಿತ್ತೆಸೆದಿದ್ದ. ಆಕೆ ದೂರು ಕೊಡದೆ ಹೋದರು. ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಗೊತ್ತಿದೆಯೇ?

ಸರ್ಕಾರಿ ನೌಕರ ಕರ್ತವ್ಯದಲ್ಲಿರುವಾಗ ಅವರನ್ನು ತಡೆಯಲು ಹಲ್ಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಹಿಂದೆ ಇದು ಐಪಿಸಿ 353 ಆಗಿತ್ತು. ರಕ್ತ ಬರಲೇಬೇಕೆಂದಿಲ್ಲ, ತಳ್ಳಿದರೂ ಸಾಕು, ಹೊಡೆಯುವಂತೆ ಕೈ ಎತ್ತಿ ಮುನ್ನುಗ್ಗಿದರೂ ಸಾಕು. ಗಾಯವಾದರೆ 121ನೇ ಕಲಂ: 5 ವರ್ಷದವರೆಗೆ. ತೀವ್ರ ಗಾಯವಾದರೆ ಕನಿಷ್ಠ 1 ವರ್ಷ, ಗರಿಷ್ಠ 10. ಪೊಲೀಸರಷ್ಟೇ ಅಲ್ಲ, ಸರ್ಕಾರಿ ಬಸ್ಸಿನ ಕಂಡಕ್ಟರ್ ಕೂಡ ಇದರಲ್ಲಿ ಬರುತ್ತಾರೆ.

ಜಾಮೀನು ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ, ಕೋರ್ಟಿಗೇ ಹೋಗಬೇಕು. ಮೊಹಲ್ಲಾದ ಹಿರಿಯರು ಕೂರಿಸಿ ರಾಜಿ ಮಾಡಿಸಿದರೂ, ಪೆಟ್ಟು ತಿಂದವರೇ ಕ್ಷಮಿಸಿದರೂ ಕೇಸು ತಾನಾಗಿ ಮುಗಿಯದು; ಇದು ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಕೇಸು ಕೋರ್ಟಿನಲ್ಲಿರುವವರೆಗೆ ಕೋರ್ಟಿನ ಅನುಮತಿಯಿಲ್ಲದೆ ಹೊಸ ಪಾಸ್‌ಪೋರ್ಟ್ ಸಿಗುವುದು ಕಷ್ಟ. ಮಗನನ್ನು ಗಲ್ಫಿಗೆ ಕಳಿಸಬೇಕೆಂದಿರುವವರು, ಉಮ್ರಾಕ್ಕೆ ಹಣ ಕೂಡಿಡುತ್ತಿರುವವರು ಇದನ್ನು ಎರಡು ಸಲ ಓದಿ.

ಪಾದರಾಯನಪುರ ನೆನಪಿದೆಯಲ್ಲ? 2020ರ ಏಪ್ರಿಲ್ 19ರ ರಾತ್ರಿ, ಕೊರೊನಾ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಪಾಲಿಕೆ ಮತ್ತು ಆರೋಗ್ಯ ಸಿಬ್ಬಂದಿ ಅಲ್ಲಿಗೆ ಹೋಗಿದ್ದರು. ಗುಂಪು ಸೇರಿತು, ಬ್ಯಾರಿಕೇಡ್‌ಗಳು ಮುರಿದವು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ರಾಮನಗರ ಜೈಲಿಗೆ ಒಯ್ದ ಮೇಲೆ ಅವರಲ್ಲೇ ಕೆಲವರಿಗೆ ಸೋಂಕು ಕಾಣಿಸಿಕೊಂಡು, ಉಳಿದವರನ್ನು ಬೆಂಗಳೂರಿನ ಹಜ್ ಭವನಕ್ಕೆ ತಂದರು. ಬೇಡವೆಂದ ಕ್ವಾರಂಟೈನ್ ಆರೋಪಿಗಳಾಗಿ ಸಿಕ್ಕಿತು. ಜನರಿಗೆ ಭಯವಿತ್ತು, ಸರಿಯಾಗಿ ತಿಳಿಸಿ ಹೇಳುವವರಿರಲಿಲ್ಲ. ಅದನ್ನು ನಾನು ಒಪ್ಪುತ್ತೇನೆ. ಆದರೆ ಎಫ್‌ಐಆರ್‌ನಲ್ಲಿ ಭಯಕ್ಕೆ ಕಲಂ ಇರುವುದಿಲ್ಲ. ಮೂರೇ ದಿನಕ್ಕೆ, ಏಪ್ರಿಲ್ 22ರಂದು, ಕೇಂದ್ರದ ಸುಗ್ರೀವಾಜ್ಞೆ ಬಂತು. ಅದೇ ವರ್ಷ ಕಾಯ್ದೆಯೂ ಆಯಿತು. ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆಗೆ 3 ತಿಂಗಳಿಂದ 5 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ತೀವ್ರ ಗಾಯವಾದರೆ 7 ವರ್ಷದವರೆಗೆ, ದಂಡ 5 ಲಕ್ಷದವರೆಗೆ.

ಹಾಗಾದರೆ ಬಂದವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೇ? ಇಲ್ಲ. ಗುರುತಿನ ಚೀಟಿ ಕೇಳಿ. ಮನೆಯಲ್ಲಿ ಹೆಂಗಸರಷ್ಟೇ ಇದ್ದರೆ ಮಹಿಳಾ ಸಿಬ್ಬಂದಿಯನ್ನು ಕಳಿಸಿ ಎನ್ನಿ. ಒರಟಾಗಿ ಮಾತಾಡಿದರೆ ಹೆಸರು, ಸಮಯ ಬರೆದುಕೊಂಡು ತಾಲೂಕು ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಪ್ರಶ್ನೆ ಕೇಳುವುದು ಹಲ್ಲೆಯಲ್ಲ. ಸಿಟ್ಟು ನೆತ್ತಿಗೇರುವವರು ಮನೆಯಲ್ಲಿದ್ದರೆ ಬಾಗಿಲಿಗೆ ಅವರನ್ನು ಕಳಿಸಬೇಡಿ. ನಮ್ಮ ಯುನಾನಿಯಲ್ಲಿ ಅದಕ್ಕೆ ಸಫ್ರಾ ಪ್ರಕೃತಿ ಎನ್ನುತ್ತೇವೆ, ಕೋರ್ಟು ಅದನ್ನು ಕೇಳುವುದಿಲ್ಲ.

ಇನ್ನು ಆ ಡ್ರಮ್ಮು. 2024ರ ಸೆಪ್ಟೆಂಬರಿನಿಂದ ರಾಜ್ಯದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಲಾಗಿದೆ. ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ 400 ರೂಪಾಯಿ ದಂಡ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಒಳಬದಿಯನ್ನು ತಿಕ್ಕಿ ತೊಳೆದು, ಒಣಗಿಸಿ ಮತ್ತೆ ತುಂಬಿ, ಬಟ್ಟೆ ಕಟ್ಟಿ. ಆ ತಾಯಿಯ ಮಗನಿಗೆ ಈಗ ಪ್ರತಿ ಶುಕ್ರವಾರ ಬೆಳಗ್ಗೆ ಅದೇ ಕೆಲಸ.