ಹಳೇ ಪಿಕಪ್ಪಿನ ಡೀಸೆಲ್ ಎಂಜಿನ್: ನಿಮಗಿದು ಗೊತ್ತೇ?

ಅಮೆರಿಕದ ಹೊಲಗದ್ದೆಗಳಲ್ಲಿ, ದನ ಸಾಕುವವರ ಅಂಗಳಗಳಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಪಿಕಪ್ಪುಗಳು ಇಂದಿಗೂ ಓಡುತ್ತಿವೆ. ಬಾನೆಟ್ಟಿನ ಕೆಳಗೆ ಡೀಸೆಲ್ ಎಂಜಿನ್ ಇದ್ದರಂತೂ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಕೊಂಡರೆ ಲಾಭವೋ, ಪೇಚಾಟವೋ? ಎರಡೂ ಇವೆ! ಎರಡೂ ಕಡೆ ಬೆರಗಿನ ಸಂಗತಿಗಳು ರಾಶಿ ಬಿದ್ದಿವೆ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ! ಸೈಕಲ್ ಟೈರಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಇಲ್ಲೂ ಅದೇ ಕತೆ. ಸಿಲಿಂಡರಿನ ಗಾಳಿಯನ್ನು ಅದರ ಗಾತ್ರದ ಹದಿನಾರನೇ ಒಂದು ಭಾಗಕ್ಕೋ ಇಪ್ಪತ್ತೆರಡನೇ ಒಂದು ಭಾಗಕ್ಕೋ ಇಳಿಯುವಂತೆ ಒತ್ತಿದರೆ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ!

ಈ ಎಂಜಿನ್ನಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದ. ಬಲ ಬರೀ 20 ಅಶ್ವಶಕ್ತಿ. ಆದರೆ ಉರಿದ ಇಂಧನದ ಕಾವಿನಲ್ಲಿ ನೂರಕ್ಕೆ 26 ಪಾಲು ಕೆಲಸಕ್ಕೆ ಬಂತು. ಆ ಕಾಲಕ್ಕೆ ಅದು ಅದ್ಭುತ!

1900ರ ಪ್ಯಾರಿಸ್ ಮಹಾಮೇಳದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಹೌದು, ನಾವು ಒಗ್ಗರಣೆಗೆ ಹಾಕುವ ಅದೇ ಎಣ್ಣೆ! ಅಮೆರಿಕದ ಹಳೇ ಡೀಸೆಲ್ ಪಿಕಪ್ಪುಗಳ ಕೆಲವು ಮಾಲೀಕರು ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ, ಬಿಸಿ ಮಾಡಿ ಟ್ಯಾಂಕಿಗೆ ಹಾಕಿದ್ದೂ ಉಂಟು. ಗಾಡಿ ಹಾದುಹೋದರೆ ಆಲೂಗೆಡ್ಡೆ ಕರಿದ ಘಮ!

ಪಾಪ, ರುಡಾಲ್ಫ್ ಡೀಸೆಲ್ ಮಾತ್ರ 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಣ್ಮರೆಯಾದ. ಏನಾಯಿತೆಂಬುದು ಇವತ್ತಿಗೂ ಒಗಟು!

ಡೀಸೆಲ್ ಎಷ್ಟು ಕಡಿಮೆ ಕುಡಿಯುತ್ತದೆ ಗೊತ್ತೇ? 1930ರ ಜನವರಿಯಲ್ಲಿ ಕ್ಲೆಸಿ ಕಮ್ಮಿನ್ಸ್ ಎಂಬಾತ ಪ್ಯಾಕಾರ್ಡ್ ಕಾರಿಗೆ ತನ್ನ ಡೀಸೆಲ್ ಎಂಜಿನ್ ಕೂರಿಸಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕಿಗೆ ಹೊರಟ. ದೂರ ಸುಮಾರು 1,270 ಕಿಲೋಮೀಟರ್. ಇಂಧನಕ್ಕೆ ತಗುಲಿದ ಖರ್ಚು 1 ಡಾಲರ್ 38 ಸೆಂಟ್!

ಮರುವರ್ಷ ಆತನ ಡೀಸೆಲ್ ಕಾರು ಇಂಡಿಯಾನಾಪೊಲಿಸ್ 500 ಮೈಲಿ ರೇಸಿಗೆ ಇಳಿಯಿತು. ಗೆಲ್ಲಲಿಲ್ಲ, 13ನೇ ಸ್ಥಾನ. ಆದರೆ 500 ಮೈಲಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಇಂಧನಕ್ಕೂ ಇಲ್ಲ, ಟೈರಿಗೂ ಇಲ್ಲ!

ಇನ್ನೊಂದು ಕೇಳಿ. 1952ರಲ್ಲಿ ಅದೇ ರೇಸಿನ ಅರ್ಹತಾ ಸುತ್ತಿನಲ್ಲಿ ಸಾಲಿನ ಮೊದಲ ಜಾಗ ಹಿಡಿದದ್ದು ಕಮ್ಮಿನ್ಸ್ ಡೀಸೆಲ್ ಕಾರು. ಓಡಿಸಿದವರು ಫ್ರೆಡ್ ಅಗಬಾಶಿಯನ್. ವೇಗ ಗಂಟೆಗೆ 222 ಕಿಲೋಮೀಟರ್. ಎಂಜಿನ್ ಲಾರಿಯ ಮನೆತನದ್ದು! ಮುಖ್ಯ ರೇಸಿನಲ್ಲಿ ಸೋಲಿಸಿದ್ದು ಏನು? ಟ್ರ್ಯಾಕಿನ ಮೇಲೆ ಬಿದ್ದ ಟೈರ್ ರಬ್ಬರಿನ ಚೂರುಗಳು. ಗಾಳಿಯ ಬಾಯಿಗೆ ಅವು ಸೇರಿಕೊಂಡು ಟರ್ಬೋ ಕಟ್ಟಿಕೊಂಡಿತು. 71 ಸುತ್ತಿಗೇ ಆಟ ಮುಗಿಯಿತು!

ಈಗ ಪಿಕಪ್ಪಿಗೆ ಬರೋಣ. 1989ರ ಮಾದರಿಯ ಡಾಡ್ಜ್ ರಾಮ್ ಪಿಕಪ್ಪಿಗೆ 5.9 ಲೀಟರಿನ ಕಮ್ಮಿನ್ಸ್ ಎಂಜಿನ್ ಬಂತು. ಅಶ್ವಶಕ್ತಿ 160 ಅಷ್ಟೇ. ಎಳೆಯುವ ಬಲ ನೋಡಿ, ಸುಮಾರು 540 ನ್ಯೂಟನ್ ಮೀಟರ್! ಅದೂ ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗಲೇ. ಹಿಂದೆ ದನಗಳ ಟ್ರೈಲರ್ ಕಟ್ಟಿಕೊಂಡು ಏರು ಹತ್ತುವವರಿಗೆ ಬೇಕಾದದ್ದು ಇದೇ ತಾನೇ? ಹಳೇ ಡೀಸೆಲ್ಲಿನ ಪರವಾಗಿ ನನ್ನ ಮೊದಲ ಮತ ಇದಕ್ಕೇ.

ಈ ಎಂಜಿನ್ ಹುಟ್ಟಿದ್ದು ಪಿಕಪ್ಪಿಗಾಗಿ ಅಲ್ಲವೇ ಅಲ್ಲ. ಹೊಲದ ಯಂತ್ರಗಳಿಗೆ, ಕಟ್ಟಡ ಕೆಲಸದ ಯಂತ್ರಗಳಿಗೆ! ಅದರ ಟೈಮಿಂಗ್‌ಗೆ ಬೆಲ್ಟ್ ಇಲ್ಲ, ಚೈನ್ ಇಲ್ಲ, ಬರೀ ಉಕ್ಕಿನ ಗೇರುಗಳು. ಬೆಲ್ಟ್ ಹರಿಯುವ ಭಯವೇ ಇಲ್ಲ!

ಅದೇ 5.9 ಲೀಟರಿನ ಕುಟುಂಬ ನಮ್ಮ ಹೆದ್ದಾರಿಗೂ ಬಂದಿದೆ ಗೊತ್ತೇ? 1993ರಲ್ಲಿ ಶುರುವಾದ ಟಾಟಾ ಕಮ್ಮಿನ್ಸ್ ಜಮ್ಷೆಡ್‌ಪುರದಲ್ಲಿ ಈ ಎಂಜಿನ್ನುಗಳನ್ನು ಮಾಡಿ ಟಾಟಾ ಲಾರಿಗಳಿಗೆ ಕೊಟ್ಟಿತು. ಟೆಕ್ಸಾಸಿನ ರೈತನ ಪಿಕಪ್ಪೂ ತುಮಕೂರು ರಸ್ತೆಯಲ್ಲಿ ಲೋಡು ಹೊತ್ತ ಲಾರಿಯೂ ಎಂಜಿನ್ ಲೆಕ್ಕದಲ್ಲಿ ದಾಯಾದಿಗಳು!

1998ಕ್ಕೆ ಹಿಂದಿನ ಈ ಕಮ್ಮಿನ್ಸ್ ಒಮ್ಮೆ ಚಾಲೂ ಆದರೆ ಓಡುತ್ತಿರಲು ಅದಕ್ಕೆ ಬೇಕಾದ ವಿದ್ಯುತ್ ಅತ್ಯಲ್ಪ. ಡೀಸೆಲ್ ದಾರಿಯನ್ನು ತೆರೆದಿಡುವ ಒಂದು ಸೊಲೆನಾಯ್ಡಿಗೆ ತಂತಿ ಇದ್ದರಾಯಿತು. ದಾರಿಯಲ್ಲಿ ಆಲ್ಟರ್ನೇಟರ್ ಕೈಕೊಟ್ಟರೂ ಹಗಲಿನಲ್ಲಿ ಮನೆ ಮುಟ್ಟಬಹುದು!

ಹಾಗಾದರೆ ದೋಷವೇ ಇಲ್ಲವೇ? ಇದೆ. ಮೊದಲನೆಯದು ಭಾರ. ಎಂಜಿನ್ ಒಂದೇ ಹತ್ತಿರ ಹತ್ತಿರ 500 ಕಿಲೋ ತೂಗುತ್ತದೆ! ಅಷ್ಟನ್ನೂ ಮುಂದಿನ ಆಕ್ಸಲ್ ಹೊರಬೇಕು. ಅದಕ್ಕೇ ಬಾಲ್ ಜಾಯಿಂಟುಗಳು, ಸ್ಟಿಯರಿಂಗಿನ ಕೀಲುಗಳು ಬೇಗ ಸವೆಯುತ್ತವೆ.

ಎರಡನೆಯದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಈ ಎಂಜಿನ್ನಿನ ಮುಂಭಾಗದಲ್ಲಿ ಒಂದು ಪುಟ್ಟ ಉಕ್ಕಿನ ಪಿನ್ನು ಇದೆ. ಕಾರ್ಖಾನೆಯಲ್ಲಿ ಭಾಗಗಳನ್ನು ಸರಿಯಾಗಿ ಕೂರಿಸಲು ಹಾಕಿದ್ದು, ಅಷ್ಟೇ. ವರ್ಷಗಟ್ಟಲೆ ನಡುಗಿ ನಡುಗಿ ಅದು ಸಡಿಲವಾಗಿ ಗೇರುಗಳ ನಡುವೆ ಬಿದ್ದರೆ? ಎಂಜಿನ್ ಹಾಳು! ಅಲ್ಲಿನ ಮೆಕ್ಯಾನಿಕ್ಕುಗಳು ಇಟ್ಟ ಹೆಸರೇ ‘ಕಿಲ್ಲರ್ ಡವೆಲ್ ಪಿನ್’. ಪರಿಹಾರ ಏನು? ಪಿನ್ನು ಹೊರಬರದಂತೆ ಒಂದು ಸಣ್ಣ ತಗಡಿನ ಪಟ್ಟಿ ಅಡ್ಡ ಕೂರಿಸಿದರಾಯಿತು!

1999ರಿಂದ 2001ರ ಸುಮಾರಿನ ಡಾಡ್ಜ್ ಕೊಳ್ಳಲು ಹೊರಟವರು ಟಾರ್ಚ್ ಹಿಡಿದು ಗಾಡಿಯಡಿ ತೂರುತ್ತಾರೆ. ಹುಡುಕುವುದು ಒಂದೇ ಸಂಖ್ಯೆ, 53. ಎಂಜಿನ್ ಬ್ಲಾಕಿನ ಮೇಲೆ ಆ ಅಂಕಿ ಎರಕ ಹೊಯ್ದಿದ್ದರೆ ಗೋಡೆ ತೆಳುವಾದ ಬ್ಲಾಕು ಅಂತ ಅರ್ಥ. ಬಿರುಕು ಬಿಟ್ಟು ಕೂಲೆಂಟ್ ಸೋರುವ ಅಪಾಯ! ಎರಡು ಅಂಕಿಯಿಂದ ಗಾಡಿಯ ಬೆಲೆಯೇ ಇಳಿಯುತ್ತದೆ!

ಡೀಸೆಲ್ಲಿಗೆ ಅಮೆರಿಕದಲ್ಲಿ ಕೆಟ್ಟ ಹೆಸರು ತಂದ ಎಂಜಿನ್ ಯಾವುದು ಬಲ್ಲಿರಾ? 1978ರಲ್ಲಿ ಜನರಲ್ ಮೋಟರ್ಸ್ ತಂದ 5.7 ಲೀಟರಿನ ಓಲ್ಡ್ಸ್‌ಮೊಬೈಲ್ ಡೀಸೆಲ್. ಷೆವರ್ಲೆ ಪಿಕಪ್ಪಿನಲ್ಲೂ ಇತ್ತು. ಪೆಟ್ರೋಲ್ ಎಂಜಿನ್ ಮಾಡುವ ಯಂತ್ರಗಳಲ್ಲೇ ಇದನ್ನೂ ಮಾಡಬೇಕೆಂದು ಹೆಡ್ ಬೋಲ್ಟುಗಳನ್ನು ಅಷ್ಟೇ ಇಟ್ಟರು, ಪ್ರತಿ ಹೆಡ್ಡಿಗೆ ಹತ್ತು. ಆದರೆ ಒತ್ತಡ ಪೆಟ್ರೋಲಿನದಕ್ಕಿಂತ ಎಷ್ಟೋ ಪಟ್ಟು! ಬೋಲ್ಟುಗಳು ಹಿಗ್ಗಿದವು, ಗ್ಯಾಸ್ಕೆಟ್ಟುಗಳು ಹೋದವು. ಸಾಲದ್ದಕ್ಕೆ ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ಸಾಧನವೂ ಇರಲಿಲ್ಲ. ನೀರು ಒಳಹೊಕ್ಕು ಇಂಜೆಕ್ಷನ್ ಪಂಪುಗಳು ತುಕ್ಕು ಹಿಡಿದವು. ಎಷ್ಟೋ ಮಾಲೀಕರು ಡೀಸೆಲ್ ಎಂಜಿನ್ ಕಿತ್ತೆಸೆದು ಪೆಟ್ರೋಲ್ ಎಂಜಿನ್ ಕೂರಿಸಿಕೊಂಡರು!

ಅದೇ ಕಂಪನಿ 1982ರಲ್ಲಿ ಮೊದಲಿನಿಂದಲೂ ಡೀಸೆಲ್ಲಿಗೆಂದೇ ರೂಪಿಸಿದ 6.2 ಲೀಟರಿನ ಎಂಜಿನ್ ತಂದಿತು. 130 ಅಶ್ವಶಕ್ತಿ, ವೇಗ ಕಡಿಮೆ, ಆದರೆ ಮೈಲೇಜ್ ಚೆನ್ನ. ಅಮೆರಿಕದ ಸೈನ್ಯದ ಹಮ್ವೀ ಗಾಡಿಯೂ ಇದರಿಂದಲೇ ಓಡಿತು!

ನೀರಿನ ಗುಳ್ಳೆ ಕಬ್ಬಿಣ ಕೊರೆಯಬಲ್ಲದೇ? ಕೊರೆದಿದೆ! 1988ರಿಂದ ಬಂದ ಫೋರ್ಡ್ ಪಿಕಪ್ಪಿನ 7.3 ಲೀಟರ್ ಡೀಸೆಲ್ಲಿನಲ್ಲಿ ಪ್ರತಿ ಸಿಡಿತಕ್ಕೂ ಸಿಲಿಂಡರಿನ ಗೋಡೆ ಅದುರುತ್ತದೆ. ಅದರ ಹೊರಗಿನ ಕೂಲೆಂಟಿನಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಗೋಡೆಗೆ ಬಡಿದು ಒಡೆಯುತ್ತವೆ. ಹೀಗೆ ಲಕ್ಷಾಂತರ ಸಲ ನಡೆದರೆ ಗೋಡೆಯಲ್ಲಿ ತೂತು! ಕೂಲೆಂಟಿಗೆ ಒಂದು ರಾಸಾಯನಿಕ ಬೆರೆಸುತ್ತಿದ್ದರೆ ಗೋಡೆ ಉಳಿಯುತ್ತದೆ. ಹಿಂದಿನ ಮಾಲೀಕ ಬೆರೆಸಿದ್ದನೇ? ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಅದು.

1994ರಲ್ಲಿ ಬಂದ ಫೋರ್ಡ್ ಪವರ್ ಸ್ಟ್ರೋಕ್ 7.3 ಎಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಕೆಲಸ ಎಂಜಿನ್ ಆಯಿಲ್ಲಿನದು! ಆಯಿಲ್ಲನ್ನು ಭಾರೀ ಒತ್ತಡಕ್ಕೆ ಏರಿಸಿ, ಅದರಿಂದ ಇಂಜೆಕ್ಟರ್‌ಗಳನ್ನು ತಳ್ಳಿಸುತ್ತಾರೆ. ಆಯಿಲ್ ತೀರಾ ಕಡಿಮೆಯಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಒಮ್ಮೆ ಬದಲಿಸಲು ಬೇಕಾದ ಆಯಿಲ್ ಸುಮಾರು 14 ಲೀಟರ್. ಜೇಬು ಗಟ್ಟಿ ಇರಬೇಕು!

ಆ ಎಂಜಿನ್ ಗಟ್ಟಿಮುಟ್ಟು. ಆದರೂ ಕ್ಯಾಮ್‌ಶಾಫ್ಟಿನ ಸ್ಥಾನ ಹೇಳುವ ಒಂದು ಚಿಕ್ಕ ಸೆನ್ಸರ್ ಕೆಟ್ಟರೆ ಓಡುತ್ತಿದ್ದ ಗಾಡಿ ತಟ್ಟನೆ ನಿಂತುಬಿಡುತ್ತದೆ. ಅನುಭವಸ್ಥರು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಒಂದು ಹೆಚ್ಚುವರಿ ಸೆನ್ಸರ್, ಜೊತೆಗೊಂದು ಸ್ಪ್ಯಾನರ್ ಇಟ್ಟುಕೊಂಡೇ ಓಡಾಡುತ್ತಾರೆ!

ಅದರ ನಂತರದ 6.0 ಲೀಟರ್ ಎಂಜಿನ್ (2003-2007) ಇರುವ ಸೂಪರ್ ಡ್ಯೂಟಿ ಪಿಕಪ್ಪಿನ ಹೆಡ್ ಗ್ಯಾಸ್ಕೆಟ್ ಹೋದರೆ ಅನೇಕ ಗ್ಯಾರೇಜುಗಳಲ್ಲಿ ಡ್ರೈವರ್ ಕೂರುವ ಇಡೀ ಕ್ಯಾಬಿನ್ನನ್ನೇ ಚಾಸಿಯಿಂದ ಮೇಲೆತ್ತುತ್ತಾರೆ! ಕೂಲಿ ಎಷ್ಟಾದೀತು, ಊಹಿಸಿ.

2001ರಲ್ಲಿ ಬಂದ ಷೆವರ್ಲೆಯ ಡ್ಯೂರಾಮ್ಯಾಕ್ಸ್ ಸದ್ದು ಕಡಿಮೆ, ಓಟ ಸೊಗಸು. ಆದರೆ ಮೊದಲ ವರ್ಷಗಳ ಎಂಜಿನ್ನಿನಲ್ಲಿ ಇಂಜೆಕ್ಟರ್‌ಗಳು ವಾಲ್ವ್ ಕವರಿನ ಒಳಗೆ ಅಡಗಿವೆ. ಅವು ಎಷ್ಟು ಕೆಟ್ಟವೆಂದರೆ ಕಂಪನಿಯೇ ಅವುಗಳ ವಾರಂಟಿಯನ್ನು 7 ವರ್ಷ ಅಥವಾ 2 ಲಕ್ಷ ಮೈಲಿಗೆ ಹಿಗ್ಗಿಸಿತು!

ಕರ್ನಾಟಕದಲ್ಲಿ ಪೆಟ್ರೋಲಿಗಿಂತ ಡೀಸೆಲ್ ಅಗ್ಗ. ಅಮೆರಿಕದಲ್ಲಿ ಸಾಮಾನ್ಯವಾಗಿ ಉಲ್ಟಾ! ಅಲ್ಲಿನ ಕೇಂದ್ರ ಸರ್ಕಾರದ ತೆರಿಗೆಯೇ ಒಂದು ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4 ಸೆಂಟ್. ಆದರೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಹೆಚ್ಚು ಶಕ್ತಿ ಇದೆ. ದೂರ ಓಡಿಸಿದರೆ, ಭಾರ ಎಳೆದರೆ ಕೊಟ್ಟ ದುಡ್ಡು ವಾಪಸ್. ದಿನಾ ಅಂಗಡಿಗೆ ಹೋಗಿ ಬರುವವರು ಪೆಟ್ರೋಲ್ ಗಾಡಿಯನ್ನೇ ಇಟ್ಟುಕೊಳ್ಳುವುದು ಜಾಣತನ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಅಲ್ಲಿ ಕೆಂಪು ಡೀಸೆಲ್ ಅಂತ ಒಂದಿದೆ! ಟ್ರ್ಯಾಕ್ಟರ್‌ನಂಥ ಹೊಲದ ಯಂತ್ರಗಳಿಗೆ ರಸ್ತೆ ತೆರಿಗೆಯಿಲ್ಲದೆ ಸಿಗುವ ಡೀಸೆಲ್ಲಿಗೆ ಕೆಂಪು ಬಣ್ಣ ಬೆರೆಸುತ್ತಾರೆ. ಅದನ್ನು ಪಿಕಪ್ಪಿಗೆ ಹಾಕಿ ರಸ್ತೆಗಿಳಿದು ಸಿಕ್ಕಿಬಿದ್ದರೆ ಕನಿಷ್ಠ 1,000 ಡಾಲರ್ ದಂಡ!

ಚಳಿಗೆ ಡೀಸೆಲ್ ಹೆಪ್ಪುಗಟ್ಟುತ್ತದೆ ಗೊತ್ತೇ? ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಮುಚ್ಚಿಬಿಡುತ್ತದೆ. ಅದಕ್ಕೇ ಬಂಕುಗಳು ಚಳಿಗಾಲಕ್ಕೆ ಬೇರೆ ಡೀಸೆಲ್ ತರಿಸುತ್ತವೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಗಾಡಿ ನಿಲ್ಲಿಸುವ ಜಾಗಗಳಲ್ಲೇ ಕರೆಂಟಿನ ಪ್ಲಗ್ಗುಗಳಿವೆ. ಗಾಡಿಯ ವೈರು ಸಿಕ್ಕಿಸಿ ಎಂಜಿನ್ ಬೆಚ್ಚಗಿಡುತ್ತಾರೆ!

ಡೀಸೆಲ್ ಟ್ಯಾಂಕಿನಲ್ಲಿ ಜೀವಿಗಳು ಬೆಳೆಯುತ್ತವೆ ಎಂದರೆ ನಂಬುತ್ತೀರಾ? ತಳದಲ್ಲಿ ನೀರು ನಿಂತರೆ, ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಸಂಸಾರ ಹೂಡುತ್ತವೆ. ಅವುಗಳ ಆಹಾರವೇ ಡೀಸೆಲ್! ಬಹಳ ದಿನ ನಿಂತ ಹಳೇ ಗಾಡಿಯಲ್ಲಿ ಈ ಲೋಳೆ ಫಿಲ್ಟರ್ ತುಂಬಿಕೊಂಡಿರುತ್ತದೆ.

ಕೀ ತಿರುಗಿಸಿ ಆಫ್ ಮಾಡಿದರೂ ನಿಲ್ಲದ ಎಂಜಿನ್ ನೋಡಿದ್ದೀರಾ? ಟರ್ಬೋದ ಸೀಲು ಹೋಗಿ ಎಂಜಿನ್ ಆಯಿಲ್ ಗಾಳಿಯ ಜೊತೆ ಒಳಗೆ ಹೋದರೆ, ಡೀಸೆಲ್ ಎಂಜಿನ್ ತನ್ನ ಆಯಿಲ್ಲನ್ನೇ ಉರಿಸಿಕೊಂಡು ಓಡತೊಡಗುತ್ತದೆ! ವೇಗ ಏರುತ್ತಲೇ ಹೋಗುತ್ತದೆ. ನಿಲ್ಲಿಸುವ ದಾರಿ ಅದರ ಗಾಳಿ ಕಟ್ಟುವುದು.

2006ರಲ್ಲಿ ಅಮೆರಿಕ ಡೀಸೆಲ್ಲಿನ ಗಂಧಕವನ್ನು ಹತ್ತು ಲಕ್ಷಕ್ಕೆ 500 ಪಾಲಿನಿಂದ 15ಕ್ಕೆ ಇಳಿಸಿತು. ಹೊಗೆ ಕಡಿಮೆಯಾಯಿತು, ಒಳ್ಳೆಯದೇ. ಕೆಲವು ಹಳೇ ಪಂಪುಗಳ ರಬ್ಬರ್ ಸೀಲುಗಳು ಮಾತ್ರ ಹೊಸ ಡೀಸೆಲ್ಲಿಗೆ ಒಗ್ಗದೆ ಸೋರತೊಡಗಿದವು! ಮುಂದಿನ ವರ್ಷದಿಂದ ಹೊಸ ಪಿಕಪ್ಪುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು, ಜೊತೆಗೆ ಅದರ ದುಬಾರಿ ರಿಪೇರಿಯೂ. ಹಾಗಾಗಿ ಅದಕ್ಕೂ ಹಿಂದಿನ ಗಾಡಿಗಳಿಗೆ ಈಗಲೂ ಬೇಡಿಕೆ.

ಕ್ಯಾಲಿಫೋರ್ನಿಯಾದಲ್ಲಿ 1997ರ ಮತ್ತು ಅದಕ್ಕೂ ಹಿಂದಿನ ಮಾದರಿಯ ಡೀಸೆಲ್ ಪಿಕಪ್ಪಿಗೆ ಹೊಗೆ ತಪಾಸಣೆಯೇ ಇಲ್ಲ! ಮಾಲೀಕನಿಗೆ ಇದು ಸುಖ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಸಾರಿತು. ಹಳೇ ಗಾಡಿಯ ಹೊಗೆಕೊಳವೆಯಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ಎಂದೂ ಚಾಲೂ ಇಡಬೇಡಿ, ಮಕ್ಕಳನ್ನು ದೂರವಿಡಿ. ಹಳೇ ಡೀಸೆಲ್ಲಿನ ದೋಷಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು ಇದೇ.

ಇನ್ನು ಟೊಯೋಟಾ ಹೈಲಕ್ಸ್! 2003ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ಟಿವಿ ಕಾರ್ಯಕ್ರಮದವರು 1988ರ ಒಂದು ಡೀಸೆಲ್ ಹೈಲಕ್ಸನ್ನು ಸಮುದ್ರದ ಉಬ್ಬರದಲ್ಲಿ ಮುಳುಗಿಸಿದರು. ಬೆಂಕಿ ಹಚ್ಚಿದರು. ಬಹುಮಹಡಿ ಕಟ್ಟಡದ ನೆತ್ತಿಗೇರಿಸಿ ಆ ಕಟ್ಟಡವನ್ನೇ ಸ್ಫೋಟಿಸಿ ಕೆಡವಿದರು. ಅವಶೇಷದಿಂದ ಎಳೆದು ತೆಗೆದ ಮೇಲೆ, ಹೊಸ ಬಿಡಿಭಾಗ ಹಾಕದೆಯೇ ಎಂಜಿನ್ ಸ್ಟಾರ್ಟ್ ಆಯಿತು!

ಅಮೆರಿಕದಲ್ಲಿ ಮಾತ್ರ ಡೀಸೆಲ್ ಹೈಲಕ್ಸ್ ಸಿಕ್ಕಿದ್ದು 1980ರ ದಶಕದ ಮೊದಲ ಕೆಲವೇ ವರ್ಷ. ವಿದೇಶಿ ಪಿಕಪ್ಪುಗಳಿಗೆ ಅಲ್ಲಿ ದೊಡ್ಡ ಅಡ್ಡಿ ಯಾವುದು ಗೊತ್ತೇ? ಕೋಳಿ! ಯುರೋಪು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹೆಚ್ಚಿಸಿದ ಸಿಟ್ಟಿಗೆ ಅಮೆರಿಕ 1964ರಿಂದ ಆಮದು ಪಿಕಪ್ಪುಗಳ ಮೇಲೆ ಶೇಕಡಾ 25 ಸುಂಕ ಹೇರಿತು. ಕೋಳಿ ಜಗಳ ಮುಗಿದು ಎಷ್ಟೋ ಕಾಲವಾಯಿತು, ಪಿಕಪ್ಪಿನ ಸುಂಕ ಉಳಿಯಿತು! ಈಗ 25 ವರ್ಷ ದಾಟಿದ ವಾಹನಗಳಿಗೆ ಸುರಕ್ಷತಾ ನಿಯಮದ ವಿನಾಯಿತಿ ಇರುವುದರಿಂದ ಅಲ್ಲಿನವರು ಹಳೇ ಡೀಸೆಲ್ ಹೈಲಕ್ಸುಗಳನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿದ್ದಾರೆ. ನಮಗೆ ಆ ತಾಪತ್ರಯವಿಲ್ಲ. 2022ರಿಂದ ಭಾರತದ ಡೀಸೆಲ್ ಹೈಲಕ್ಸ್ ಜೋಡಣೆಯಾಗುವುದು ನಮ್ಮ ಬಿಡದಿಯಲ್ಲೇ!

ಹಳೇ ಡೀಸೆಲ್ ಪಿಕಪ್ ನೋಡಲು ಹೋಗುವಾಗ ಮಾಲೀಕನಿಗೆ ಮೊದಲೇ ಹೇಳಿ, ಎಂಜಿನ್ ತಣ್ಣಗಿರಲಿ ಎಂದು. ನೀವು ಹೋಗುವ ಹೊತ್ತಿಗೆ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ಡೀಸೆಲ್ಲಿನ ಕಾಯಿಲೆಗಳೆಲ್ಲ ಗೊತ್ತಾಗುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲೇ!

ಚಾಲೂ ಆದ ಮೇಲೆ ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಅದನ್ನು ತಲೆಕೆಳಗಾಗಿ ಅಲ್ಲೇ ಸುಮ್ಮನೆ ಇಟ್ಟು ನೋಡಿ. ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ. ಟಪ್ಪೆಂದು ಹಾರಿ ಬಿತ್ತೇ? ಪಿಸ್ಟನ್ ರಿಂಗು ಸವೆದು ಒತ್ತಡವೆಲ್ಲ ಕೆಳಗಿಳಿಯುತ್ತಿದೆ. ಚೌಕಾಸಿಗೂ ನಿಲ್ಲಬೇಡಿ, ಬೇರೆ ಗಾಡಿ ನೋಡಿ!