ಎರಡು ಬುಟ್ಟಿ, ಒಂದು ಚೀಲ

ಹಾಸ್ಟೆಲ್ ರೂಮಿನಲ್ಲಿ ನಮಗೆಲ್ಲಾ ಒಂದೇ ಬುಟ್ಟಿ. ಬಾಳೆಹಣ್ಣಿನ ಸಿಪ್ಪೆ, ಚಿಪ್ಸ್ ಕವರ್, ಹಳೇ ಬ್ಲೇಡ್, ಎಲ್ಲವೂ ಅದಕ್ಕೇ. ಆಮೇಲೆ ಯಾರೋ ಬೇರೆ ಮಾಡ್ತಾರೆ ಬಿಡಿ ಅಂದ್ಕೊಳ್ತೀವಿ. ಆ ‘ಯಾರೋ’ ಯಾರು?

ಬೆಂಗಳೂರು ಇದನ್ನು ಕಷ್ಟಪಟ್ಟು ಕಲಿತ ಊರು. ನಗರದ ಬೆರಕೆ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಪಕ್ಕ ಗುಡ್ಡೆ ಬಿತ್ತು. ವಾಸನೆ ತಾಳಲಾರದೆ ಅಲ್ಲಿನ ಜನ ಬೀದಿಗಿಳಿದರು. 2015ರಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಅಡುಗೆಮನೆಯ ಹಸಿ ಕಸ. ಕೆಂಪು ಬುಟ್ಟಿಗೆ ಪ್ಯಾಡ್, ಡೈಪರ್, ಬ್ಯಾಂಡೇಜ್. ಚೀಲಕ್ಕೆ ಕಾಗದ, ಪ್ಲಾಸ್ಟಿಕ್‌ನಂಥ ಒಣ ಕಸ.

ಇದರ ಹಿಂದಿನ ಲೆಕ್ಕ ಸರಳ. ಹಸಿ ಕಸ ಶುದ್ಧವಾಗಿ ಸಿಕ್ಕರೆ ಗೊಬ್ಬರ, ಬಯೋಗ್ಯಾಸ್ ಆಗುತ್ತೆ. ಗಾಜಿನ ಚೂರಿರೋ ಗೊಬ್ಬರ ಯಾವ ರೈತನಿಗೂ ಬೇಡ. ಸಾರು ಮೆತ್ತಿದ ಕಾಗದ ಗುಜರಿಯವನಿಗೂ ಬೇಡ. ಬೆರೆಸೋಕೆ ಒಂದು ಸೆಕೆಂಡ್ ಸಾಕು, ಬಿಡಿಸೋಕೆ ಒಂದು ಕಾರ್ಖಾನೆಯೇ ಬೇಕು.

ಆದ್ರೆ ಆದೇಶವೊಂದೇ ಸಾಲದು. ಮನೆಯವರು ಬೇರೆ ಮಾಡಿ ಕೊಟ್ಟಿದ್ದನ್ನು ಗಾಡಿಯವರು ಒಟ್ಟಿಗೇ ಸುರಿದರೆ, ಮರುದಿನ ಯಾರು ಬೇರೆ ಮಾಡ್ತಾರೆ? ಮನೆಯವರು ಬೆರೆಸಿ ಕೊಟ್ಟರೆ ಪೌರಕಾರ್ಮಿಕರ ಕೈ ಕುಯ್ಯುತ್ತೆ. ಇಬ್ಬರೂ ತಮ್ಮ ಪಾಲು ಮಾಡಿದರಷ್ಟೇ ಒಣ ಕಸ ವಾರ್ಡಿನ ಸಂಗ್ರಹ ಕೇಂದ್ರಕ್ಕೆ ಹೋಗಿ, ಹಿಂದೆ ಚಿಂದಿ ಆಯುತ್ತಿದ್ದವರಿಗೆ ಮರ್ಯಾದೆಯ ದುಡಿಮೆಯಾಗುತ್ತೆ.

ನಾಳೆಯಿಂದ ರೂಮಿಗೆ ಇನ್ನೊಂದು ಬುಟ್ಟಿ ತರೋಣ. ಬ್ಲೇಡನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡೋಣ. ಅದನ್ನು ಎತ್ತೋ ಕೈ ಯಾರದ್ದೋ ಅಲ್ಲ. ದಿನಾ ಬೆಳಗ್ಗೆ ನಮ್ಮ ಕಾರಿಡಾರ್ ಗುಡಿಸೋ ಅಕ್ಕಂದು.